ಠ ಗುರುತಿನ ಚೂರಿ

ಚೂರಿ ಸಿಕ್ಕಿತು. ಉಳಿದದ್ದೆಲ್ಲ ಆಮೇಲೆ ಹೇಳುತ್ತೇನೆ, ಮೊದಲು ಇದು. ನಿನ್ನೆ ಬೆಳಿಗ್ಗೆ ನನ್ನ ಮೊಮ್ಮಗಳು ತನ್ವಿ ಅದನ್ನು ಹುಡುಕಿ ಹಿಡಿದಳು. ಚೆಂಬೂರಿನಿಂದ ಮಸ್ಜಿದ್ ಸ್ಟೇಷನ್ನಿನವರೆಗೆ ನಾನೂ ಅವಳ ಜೊತೆ ಹೋಗಿದ್ದೆ. ಬರುವಾಗ ಲೋಕಲ್ ರೈಲಿನಲ್ಲಿ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು ಬಾಣಂತಿಯ ಹಾಗೆ ಕೂತಿದ್ದೆ. ಪಕ್ಕದ ಹೆಂಗಸು "ಕ್ಯಾ ಹೈ ಆಜೀ, ಸೋನಾ ಹೈ ಕ್ಯಾ?" ಎಂದು ಕೇಳಿದಳು, ಚಿನ್ನವಾ ಎಂದು. ಚೂರಿ ಎಂದರೆ ಎದ್ದು ಓಡಿಯಾಳು ಎಂದು "ಪ್ರಸಾದ" ಎಂದೆ. ತನ್ವಿ ಕಿಟಕಿಯ ಕಡೆ ಮುಖ ಮಾಡಿ ನಗುತ್ತಿದ್ದಳು.

ನಾನು ಊರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಹೋದವಳು. ಇಷ್ಟುದ್ದ ಬರೆಯಲು ಕೂತದ್ದು ಈ ಖುಷಿ ಹೊಟ್ಟೆಯಲ್ಲಿ ನಿಲ್ಲದೆ. ಆದರೆ ಚೂರಿಯ ಸುದ್ದಿ ಹೇಳಬೇಕಾದರೆ ಅಣ್ಣನ ಸುದ್ದಿ ಹೇಳಬೇಕು. ಚೂರಿ ಹುಡುಕಿದ್ದು ಅವರಿಗಾಗಿ.

ಅಣ್ಣ ಎಂದರೆ ನನ್ನ ಒಡಹುಟ್ಟಿದವರಲ್ಲ. ನಮ್ಮ ಹಳೇ ಬಿಲ್ಡಿಂಗಿನಲ್ಲಿ ಎದುರು ಬಾಗಿಲಿನವರು. ಕಾರ್ಕಳದ ಕಡೆಯವರು, ವಿಕ್ರೋಳಿಯಲ್ಲಿ ಕಾರ್ಖಾನೆಯ ಜನ ಊಟಕ್ಕೆ ಬರುವ ಒಂದು ಹೋಟೆಲಿನ ಅಡುಗೆಮನೆಯಲ್ಲಿ ತರಕಾರಿ ಕೊಯ್ಯುವ ಕೆಲಸ. ಆಳು ಕುಳ್ಳ, ಕೈಗಳು ಮಾತ್ರ ಬೇರೆ ಯಾರಿಂದಲೋ ತಂದು ಜೋಡಿಸಿದ ಹಾಗೆ ಉದ್ದ. ನಾವು ತುಳುವಿನವರು ಅವರನ್ನು ಅಣ್ಣ ಎನ್ನುತ್ತಿದ್ದೆವು. ಬಿಲ್ಡಿಂಗಿನ ಮರಾಠಿಯವರಿಗೆ ನಾವೆಲ್ಲರೂ ಅಣ್ಣಂದಿರೇ ಆದ್ದರಿಂದ ಗುರುತಿಗೆ ಇವರನ್ನು "ಚಾಕೂ ಅಣ್ಣಾ" ಎಂದರು.

ಅವರ ಹತ್ತಿರ ಇದ್ದದ್ದು ಬೇಟೆಯ ಚೂರಿ. ಅಣ್ಣ ಬೇಟೆಗಾರರಲ್ಲ. ಊರಿನಿಂದ ಬಂದ ಹೊಸತರಲ್ಲಿ ಒಬ್ಬ ಸಾಹೇಬರ ಮನೆಯಲ್ಲಿ ಅಡುಗೆಗೆ ಇದ್ದರಂತೆ. ಆಗ ಬೇಟೆಗೆ ಅಡ್ಡಿ ಇರಲಿಲ್ಲ. ರಜೆ ಸಿಕ್ಕಿದರೆ ಸಾಹೇಬರು ಜೀಪು ಹತ್ತಿ ಕಾಡಿಗೆ ಹೊರಡುವರು. ಬಂದೂಕು ಅವರ ಹೆಗಲಲ್ಲಿ, ಊಟದ ಡಬ್ಬಿಯೂ ಚೂರಿಯೂ ಅಣ್ಣನ ಹೆಗಲಲ್ಲಿ. ಸಾಹೇಬರ ಗುಂಡು ಯಾವತ್ತೂ ಯಾವ ಪ್ರಾಣಿಗೂ ತಾಗಲಿಲ್ಲ. ಚೂರಿಗೆ ಸಿಕ್ಕಿದ್ದು ಪಾವು ಬ್ರೆಡ್ಡು, ಟೊಮೆಟೊ, ಬೇಯಿಸಿದ ಮೊಟ್ಟೆ. ಬೇಟೆ ಆಡಬಾರದು ಎಂದು ಕಾನೂನು ಬಂದ ಮೇಲೆ ಸಾಹೇಬರು ಬಂದೂಕನ್ನು ಗೋಡೆಗೆ ತೂಗುಹಾಕಿ ಚೂರಿಯನ್ನು ಅಣ್ಣನಿಗೆ ಕೊಟ್ಟರು.

"ಈ ಚೂರಿ ಒಂದು ಜೀವ ತೆಗೆದದ್ದಿಲ್ಲ ತಂಗಿ, ಹಲಸಿನಹಣ್ಣಿನದ್ದು ಬಿಟ್ಟು," ಎನ್ನುತ್ತಿದ್ದರು.

"ಮತ್ತೆ ಮೊನ್ನೆ ಬಂಗುಡೆ ಮೀನು ಕೊಯ್ದದ್ದು?" ಎಂದು ನಾನು.

"ಅದು ಮಾರ್ಕೆಟಿನಿಂದಲೇ ಸತ್ತು ಬಂದದ್ದು ಮಾರಾಯ್ತಿ. ಅದು ಲೆಕ್ಕಕ್ಕಿಲ್ಲ."

ಹೋಟೆಲಿಗೂ ಅದೇ ಚೂರಿ ಹೋಗುತ್ತಿತ್ತು. ಧಣಿ ಮೊದಲ ಸಲ ನೋಡಿ, "ಇದೆಂತ ಮಾರಾಯ, ಕೊತ್ತಂಬರಿ ಕೊಯ್ಯಲಿಕ್ಕೆ ಹುಲಿ ಕೊಲ್ಲುವ ಚೂರಿ?" ಎಂದರಂತೆ. "ಕೊತ್ತಂಬರಿ ಹೆದರಿ ತಾನೇ ಸಣ್ಣ ಆಗ್ತದೆ ಧಣಿ," ಎಂದು ಅಣ್ಣ ಉತ್ತರ ಕೊಟ್ಟರಂತೆ. ಇದನ್ನು ಅವರೇ ಹೇಳಿದ್ದು. ಧಣಿಯ ಬಾಯಿಂದ ಕೇಳಿದವರಿಲ್ಲ.

ನಮ್ಮ ಬಿಲ್ಡಿಂಗಿನ ಮಕ್ಕಳಿಗೆ ಅವರು ಹೇಳುತ್ತಿದ್ದ ಹುಲಿಯ ಕಥೆ ಒಂದಿತ್ತು. ಹುಲಿ ಹೇಳಿದಷ್ಟು ಸಲ ಬೆಳೆಯುತ್ತಿತ್ತು. ಮೊದಲು ನಾಯಿಯಷ್ಟಿದ್ದದ್ದು ಕೊನೆಕೊನೆಗೆ ಬೆಸ್ಟ್ ಬಸ್ಸಿನಷ್ಟಾಯಿತು. ಕೊನೆಗೆ ಹುಲಿ ಓಡಿಹೋಗುವುದು ಮಾತ್ರ ನಿಶ್ಚಿತ. ನನ್ನ ಮಗ ಸುಧೀರ ಆಗ ಸಣ್ಣವ, ಬಾಯಿ ದೊಡ್ಡದು. "ಹುಲಿ ಚೂರಿ ನೋಡಿ ಓಡಿತಾ, ನಿಮ್ಮನ್ನು ನೋಡಿ ಓಡಿತಾ?" ಎಂದು ಕೇಳಿದ.

"ನನ್ನ ಕೈಯಲ್ಲಿ ಕೊಯ್ದ ಟೊಮೆಟೊ ಇತ್ತು ಮಗಾ. ರಕ್ತ ಅಂತ ಎಣಿಸಿತು, ಪಾಪ."

ಚೂರಿಯ ಹಿಡಿ ಕಡವೆಯ ಕೊಂಬಿನದ್ದು. ಅವರ ಬೆರಳು ಕೂತು ಕೂತು ಕೊಂಬಿನಲ್ಲಿ ತಗ್ಗು ಬಿದ್ದಿತ್ತು. ಅದನ್ನು ಮಸೆಯುವುದು ಬಿಲ್ಡಿಂಗಿನ ಕೆಳಗಿನ ಮೆಟ್ಟಿಲಿನ ಅಂಚಿಗೆ. ಅಲ್ಲಿಯೂ ತಗ್ಗು. ಸಾಯಂಕಾಲ ಕೆಳಗಿನಿಂದ ಸರ್ರ್, ಸರ್ರ್ ಎಂದು ಕೇಳಿದರೆ ಅಣ್ಣ ಕೆಲಸದಿಂದ ಬಂದರು ಎಂದು ನಾನು ಚಹಕ್ಕೆ ಇಡುತ್ತಿದ್ದೆ. ಮಸೆದ ಮೇಲೆ ಮುಂಗೈಯ ಒಂದು ಕೂದಲಿನ ಮೇಲೆ ಅಲಗು ಎಳೆದು ನೋಡುವರು. ಅದರಿಂದ ಅವರ ಎಡ ಮುಂಗೈಯಲ್ಲಿ ಕೂದಲೇ ಇರಲಿಲ್ಲ.

ಇನ್ನೊಂದು ಶಿಸ್ತು ಅವರದ್ದು. ಚೂರಿಯನ್ನು ಕೈಯಿಂದ ಕೈಗೆ ಕೊಡಬಾರದು, ಕೊಟ್ಟರೆ ಜಗಳ. ಇದು ನಮ್ಮೆಲ್ಲರ ಮನೆಯಲ್ಲೂ ಇರುವ ಮಾತೇ, ಆದರೆ ಅಣ್ಣ ಅದನ್ನು ಪಾಲಿಸುತ್ತಿದ್ದ ಹಾಗೆ ಪಾಲಿಸಿದವರನ್ನು ನಾನು ನೋಡಿಲ್ಲ. ನೆಲದ ಮೇಲೆ ಇಡುವರು, ಕೈ ಪೂರಾ ಹಿಂದೆ ತೆಗೆಯುವರು, ಆಮೇಲೆ "ಹ್ಞೂಂ, ತಕ್ಕೊಳ್ಳಿ" ಎನ್ನುವರು. ನನ್ನ ಯಜಮಾನರು ಇದ್ದಾಗ ತಮಾಷೆಗೆಂದು ಬೇಕೆಂದೇ ಕೈಚಾಚುತ್ತಿದ್ದರು. "ಶೆಟ್ರೇ, ನಮ್ಮಿಬ್ಬರಿಗೆ ಜಗಳ ಆದರೆ ಹಲಸಿನಹಣ್ಣು ಯಾರು ಕೊಯ್ಯುವುದು?" ಎಂದು ಅಣ್ಣ ಹಿಂದೆ ಸರಿಯುವರು.

ಅದು ನಿಜವೇ. ಮೇ ತಿಂಗಳಲ್ಲಿ ಊರಿನಿಂದ ಬಸ್ಸಿನಲ್ಲಿ ಹಣ್ಣು ಬಂದರೆ ಬಿಲ್ಡಿಂಗಿನಲ್ಲಿ ಕೊಯ್ಯುವವರು ಅವರೊಬ್ಬರೇ. ಹಳೇ ಪೇಪರ್ ಹಾಸಿ, ಅಲಗಿಗೂ ಅಂಗೈಗೂ ತೆಂಗಿನೆಣ್ಣೆ ಸವರಿ ಕೂತರೆ ಮಾತಿಲ್ಲ. ಹಣ್ಣು ಬಿಚ್ಚಿದ ಮೇಲೆ ಮೊದಲ ಸೊಳೆ ಮಕ್ಕಳಿಗೆ. ಅಲಗಿಗೆ ಮೇಣ ಅಂಟಿದ್ದನ್ನು ನಾನು ನೋಡಿಲ್ಲ.

ಇನ್ನು ಠ ದ ಸುದ್ದಿ.

ಅಲಗಿನ ಬುಡದಲ್ಲಿ ಕಂಪನಿಯ ಗುರುತು ಇತ್ತು, ಅರ್ಧ ಸವೆದದ್ದು. ಒಂದು ಸುತ್ತು, ನಡುವೆ ಬೊಟ್ಟು, ಮೇಲೆ ಒಂದು ಕೊಕ್ಕೆ. ಹೋಟೆಲಿನ ಹುಡುಗರಿಗೆಂದು ನಡೆಯುತ್ತಿದ್ದ ಕನ್ನಡದ ರಾತ್ರಿ ಶಾಲೆಯಲ್ಲಿ ಅಣ್ಣ ಅಕ್ಷರ ಕಲಿತವರು, ನಾನು ಮೂರನೇ ಕ್ಲಾಸು. ಇಬ್ಬರಿಗೂ ಸಂಶಯವೇ ಇರಲಿಲ್ಲ, ಅದು ಠ. ನಮ್ಮ ಪುಸ್ತಕದಲ್ಲಿ ಠ ಎದುರು ಠಸ್ಸೆಯ ಚಿತ್ರ ಇತ್ತು, ಪೋಸ್ಟಾಫೀಸಿನಲ್ಲಿ ಕುಟ್ಟುತ್ತಾರಲ್ಲ, ಅದು. ಶಾಲೆ ಬಿಟ್ಟ ಮೇಲೆ ಆ ಅಕ್ಷರ ನನ್ನ ಕೈಗೆ ಸಿಕ್ಕಿದ್ದು ಈ ಚೂರಿಯಲ್ಲೇ.

"ಕನ್ನಡ ಅಕ್ಷರ ಒತ್ತಿದ್ದಾನೆ ಅಂದ್ರೆ ಮಾಡಿದವ ನಮ್ಮವನೇ," ಎಂದು ಅಣ್ಣನ ಹೆಮ್ಮೆ.

"ಠ ದಲ್ಲಿ ಯಾರ ಹೆಸರು ಶುರು ಆಗ್ತದೆ ಮಾರಾಯ್ರೆ? ಠಕ್ಕಣ್ಣ ಶೆಟ್ಟಿಯಾ?" ಎಂದು ನಮ್ಮ ಯಜಮಾನರು.

ಅಣ್ಣ ನಾಲ್ಕು ದಿನ ಯೋಚಿಸಿ ಇನ್ನೊಂದು ಕಂಡುಹಿಡಿದರು. "ಹೆಸರಲ್ಲದಿದ್ದರೆ ಊರು. ಠಾಣೆ. ಸ್ಟೇಷನ್ನಿನ ಬೋರ್ಡ್ ನೋಡಿ. ಮರಾಠಿಯ ಠ ಕೂಡ ಸುತ್ತೇ, ಬೊಟ್ಟು ಮಾತ್ರ ಇಲ್ಲ. ಠಾಣೆಯಲ್ಲಿ ಫ್ಯಾಕ್ಟರಿ ಹಾಕಿದ ಕನ್ನಡದವ, ಬೊಟ್ಟು ಇಟ್ಟಿದ್ದಾನೆ." ಅಂದಿನಿಂದ ನಮಗೆಲ್ಲ ಅದು ಠಾಣೆಯ ಚೂರಿ.

ಆಮೇಲೆ ಬಿಲ್ಡಿಂಗು ಹೋಯಿತು. ಹಳೆಯದನ್ನು ಒಡೆದು ಹೊಸದು ಎಬ್ಬಿಸಿದರು. ನಮಗೆ ಅಲ್ಲೇ ಮೇಲಿನ ಮಾಳಿಗೆಯಲ್ಲಿ ಮನೆ ಬಂತು. ಅಷ್ಟರಲ್ಲಿ ನನ್ನ ಯಜಮಾನರೂ ಇಲ್ಲ, ಅಣ್ಣನ ಹೆಂಡತಿಯೂ ಇಲ್ಲ. ಅಣ್ಣ ಬೊರಿವಲಿಯಲ್ಲಿ ಮಗಳು ವನಿತಾಳ ಮನೆಗೆ ಹೋದರು. ಹೋಗುವ ಮೊದಲು ಕೆಲಸದವರ ಹತ್ತಿರ ಹೇಳಿ ಆ ಮೆಟ್ಟಿಲಿನ ತಗ್ಗುಬಿದ್ದ ತುಂಡನ್ನು ಒಡೆಸಿಕೊಂಡರು. ಎಲ್ಲರೂ ಕಪಾಟು, ಫ್ಯಾನು ಎಂದು ಟೆಂಪೋಗೆ ಹೇರುತ್ತಿದ್ದರೆ ಇವರು ಒಂದು ಕಲ್ಲನ್ನು ತೊಡೆಯ ಮೇಲಿಟ್ಟುಕೊಂಡು ರಿಕ್ಷಾದಲ್ಲಿ ಹೋದರು.

ಹೋದರೂ ಹಲಸಿನ ಕಾಲದಲ್ಲಿ ಬರುವುದನ್ನು ಬಿಡಲಿಲ್ಲ. ಹಾಗೆ ಬಂದು ಹಣ್ಣು ಕೊಯ್ದು ಹಿಂದೆ ಹೋಗುವಾಗಲೇ ಚೂರಿ ಕಳೆದದ್ದು. ಯಾವಾಗಲೂ ಲೋಕಲ್ಲಿನಲ್ಲಿ ಹೋಗುವವರು. ಆ ದಿನ ವನಿತಾ ಫೋನು ಮಾಡಿ, "ಅಪ್ಪಾ, ಘಾಟ್ಕೋಪರಿನಿಂದ ಮೆಟ್ರೋದಲ್ಲಿ ಬನ್ನಿ, ತಂಪು ಉಂಟು, ನಾನು ಅಂಧೇರಿಯಲ್ಲಿ ನಿಂತಿರ್ತೇನೆ," ಎಂದಳು. ಮೆಟ್ರೋದ ಬಾಗಿಲಲ್ಲಿ ಚೀಲವನ್ನು ಮೆಷಿನ್ನಿಗೆ ಹಾಕಿ ನೋಡುತ್ತಾರೆ ಎಂದು ಇಬ್ಬರಿಗೂ ಹೊಳೆಯಲಿಲ್ಲ.

"ಬಾಬಾ, ಬ್ಯಾಗ್ ಮೇ ಚಾಕೂ ಹೈ?" ಎಂದು ಅಲ್ಲಿದ್ದ ಹುಡುಗಿ ಕೇಳಿದಳು.

"ಹೈ. ಫಣಸ್ ಕಾ ಹೈ," ಎಂದರು ಅಣ್ಣ. ಫಣಸ್ ಅಂದರೆ ಹಲಸು.

ತೋರಿಸಿ ಎಂದಳು. ಇವರು ಕೈಯಲ್ಲಿ ಕೊಡುವವರಲ್ಲವಲ್ಲ. ಟವೆಲಿನಿಂದ ಬಿಚ್ಚಿ ಗೌರವದಿಂದ ಅವಳ ಕಾಲಬುಡದಲ್ಲಿ ಇಟ್ಟು, ಎರಡು ಕೈಯನ್ನೂ ಹಿಂದೆ ತೆಗೆದು ನಿಂತರು. ಸಾಲಿನಲ್ಲಿದ್ದವರು ಚದುರಿದರು.

ಚೂರಿ ಒಳಗೆ ಬಿಡುವುದಿಲ್ಲ, ಅದು ಅಲ್ಲಿಯ ನಿಯಮ. ಮಗಳು ಆಚೆ ಕಡೆ ಕಾಯುತ್ತಿದ್ದಾಳೆ. ಹೊರಗೆ ಒಬ್ಬ ಸೀಯಾಳದ ಗಾಡಿಯವನಿದ್ದ. ಕತ್ತಿ ಹಿಡಿದು ಬದುಕುವವನಿಗೆ ಚೂರಿಯ ಮರ್ಯಾದೆ ಗೊತ್ತಿರುತ್ತದೆ ಎಂದು ಅಣ್ಣ ಅವನ ಗಾಡಿಯಲ್ಲಿ ಇಟ್ಟು, ನಾಳೆ ಬಂದು ತೆಗೆದುಕೊಳ್ಳುತ್ತೇನೆ ಎಂದರು. ಮರುದಿನ ಗಾಡಿ ಅಲ್ಲಿರಲಿಲ್ಲ. ಅದರ ಮರುದಿನವೂ ಇರಲಿಲ್ಲ. ವಾರಗಟ್ಟಲೆ ಹೋಗಿ ನಿಂತು ಬಂದರು.

"ಅವನ ಮೇಲೆ ಕೋಪ ಬರುವುದಿಲ್ಲ ತಂಗಿ," ಎಂದರು ಫೋನಿನಲ್ಲಿ. "ಕೆಳಗೆ ಇಟ್ಟೇ ಕೊಟ್ಟದ್ದಲ್ವಾ. ಕೈಯಲ್ಲಿ ಕೊಟ್ಟಿದ್ದರೆ ಇಷ್ಟರಲ್ಲಿ ಕೇಸು ಹಾಕ್ತಿದ್ದೆ."

ನಗಿಸಿದ್ದು ಅದೇ ಕೊನೆ. ಮುಂದಿನ ವರ್ಷ ಹಣ್ಣು ಬಂದಿದೆ ಎಂದು ಫೋನು ಮಾಡಿದರೆ, "ನನ್ನ ಕೈ ಮುಗಿಯಿತು ತಂಗಿ. ನೀವೇ ಕೊಯ್ದು ತಿನ್ನಿ," ಎಂದರು. ವನಿತಾ ಒಳ್ಳೊಳ್ಳೆ ಸ್ಟೀಲಿನ ಚೂರಿ ತಂದುಕೊಟ್ಟಳು. "ಇದು ಡಾಕ್ಟರರ ಸಾಮಾನು," ಎಂದು ಡ್ರಾಯರಿನಲ್ಲಿ ಇಟ್ಟರಂತೆ. ಅವಳು ನನಗೆ ಫೋನು ಮಾಡಿ ಅತ್ತಳು. "ಅಪ್ಪ ಬಾಲ್ಕನಿಯಲ್ಲಿ ಕೈ ಕಟ್ಟಿ ಕೂರ್ತಾರೆ ಅಕ್ಕಾ. ಕೇಳಿದ್ದಕ್ಕೆ ಹ್ಞಾಂ, ಹ್ಞೂಂ. ನನ್ನ ಮಕ್ಕಳಿಗೆ ಹುಲಿಯ ಕಥೆ ಕೂಡ ಹೇಳುವುದಿಲ್ಲ." ಹುಲಿಯ ಕಥೆಯನ್ನೇ ಬಿಟ್ಟರು ಎಂದರೆ ಇದು ಸಣ್ಣ ಸಂಗತಿಯಲ್ಲ. ಅಂಥದ್ದೇ ಇನ್ನೊಂದು ಚೂರಿ ತಂದು ಅವರ ಮುಂದೆ ಇಡದೆ ಈ ಮನುಷ್ಯ ಎದ್ದು ಬರುವುದಿಲ್ಲ ಎಂದು ನಾನು ಸುಧೀರನಿಗೆ ಹೇಳಿದೆ.

ನಾವು ಹುಡುಕಿದ್ದೂ ಠ ವನ್ನೇ. ಸುಧೀರನೂ ನಾನೂ ಠಾಣೆಗೆ ಹೋಗಿ ಪಾತ್ರೆ ಅಂಗಡಿ, ಕಬ್ಬಿಣದ ಅಂಗಡಿ ಎಂದು ಸುತ್ತಿದೆವು. ಕನ್ನಡದವರ ಚೂರಿ ಫ್ಯಾಕ್ಟರಿ ಇತ್ತೇ ಎಂದು ಕೇಳಿದರೆ ಹೋಟೆಲಿನ ದಾರಿ ತೋರಿಸಿದರು. ಒಂದು ಕಡೆ ಸುಧೀರ ಕಾಗದದಲ್ಲಿ ದೊಡ್ಡದಾಗಿ ಠ ಬರೆದು ಮುಂದಿಟ್ಟ. ಅಂಗಡಿಯವನು ತಿರುಗಿಸಿ ನೋಡಿ, "ಹಾ ತರ್ ಮೇದುವಡಾ ಆಹೇ," ಎಂದ. ಅವನಿಗೆ ಉದ್ದಿನ ವಡೆ ಕಂಡಿತು. ಅಲ್ಲಿಂದ ಸುಧೀರ ಆ ಸುದ್ದಿ ಎತ್ತಿದರೆ ಕೈ ಮುಗಿಯುತ್ತಿದ್ದ.

ತನ್ವಿಗೆ ಕನ್ನಡ ಓದಲು ಬರುವುದಿಲ್ಲ. ಮಾತಾಡುವುದು ಅರ್ಧ ಕನ್ನಡ, ಅರ್ಧ ಹಿಂದಿ. ಹೋದ ತಿಂಗಳು ಬೊರಿವಲಿಗೆ ಹೋದವಳು ಅಣ್ಣನ ಹತ್ತಿರ ಚೂರಿಯ ಹಳೇ ತೊಗಲಿನ ಒರೆ ಇರುವುದನ್ನು ನೋಡಿದಳು. ಹೊಲಿಗೆ ಬಿಟ್ಟದ್ದರಿಂದ ಅದು ಮನೆಯಲ್ಲೇ ಉಳಿದಿತ್ತು. ಅದರ ಮೇಲೂ ಅದೇ ಗುರುತು ಒತ್ತಿತ್ತಂತೆ, ಮಾಸಿ ಮಾಸಿ ಕಾಣದ ಹಾಗಾಗಿತ್ತು. ಇವಳು ತೆಳ್ಳಗಿನ ಕಾಗದ ಇಟ್ಟು, ಮೇಲೆ ಪೆನ್ಸಿಲ್ ಉಜ್ಜಿ, ಬಂದದ್ದನ್ನು ಮನೆಗೆ ತಂದಳು.

"ಅಜ್ಜಿ, ನೀವು ಹೇಳುವ ಠ ನಂಗೆ ಗೊತ್ತುಂಟು. ಫೋನಿನಲ್ಲಿ ಸಿಟ್ಟಿನ ಕಣ್ಣು ಮಾಡ್ಲಿಕ್ಕೆ ಎರಡು ಠ ಹಾಕ್ತೇವೆ."

"ಅಕ್ಷರ ಇರುವುದು ಅದಕ್ಕಾ?"

"ಲೇಕಿನ್ ಇದು ಠ ಅಲ್ಲ. ನೋಡಿ, ಸುತ್ತಿನ ಒಳಗೆ ಇನ್ನೊಂದು ಸುತ್ತು. ಟಾರ್ಗೆಟ್. ಮೇಲೆ ಇರುವುದು ಬಾಣ, ಬಂದು ತಾಗಿದ್ದು."

ಕನ್ನಡಕ ಹಾಕಿ ನೋಡಿದೆ. ಹೌದು. ನಾವು ತಲೆಕಟ್ಟು ಎಂದು ಓದಿದ್ದು ಬಾಣದ ಗರಿ. ಓದಲು ಬಂದದ್ದೇ ನಮಗೆ ಅಡ್ಡಿಯಾಯಿತು. ಓದಲು ಬಾರದವಳು ಇದ್ದದ್ದನ್ನು ಇದ್ದ ಹಾಗೆ ನೋಡಿದಳು.

ಆಮೇಲೆ ಅವಳು ಫೋನಿನಲ್ಲಿ ಹಳೇ ಚೂರಿಗಳ ಹುಚ್ಚಿನವರನ್ನು ಹುಡುಕಿ ಆ ಚಿತ್ರ ಕಳಿಸಿದಳು. ಅಂಥ ಹುಚ್ಚೂ ಇರುತ್ತದೆ. ಅವರಲ್ಲೊಬ್ಬರು ತಿಳಿಸಿದರು. ಬೇಟೆಯ ಚೂರಿಯನ್ನೇ ಮಾಡುತ್ತಿದ್ದ ಕಂಪನಿಯಂತೆ. ಕೊಂಬು ಬಳಸಬಾರದು ಎಂದಾದ ಮೇಲೆ ಸ್ವಲ್ಪ ಕಾಲ ಮರದ ಹಿಡಿ ಹಾಕಿ ಮಾಡಿದರು, ಆಮೇಲೆ ಮುಚ್ಚಿದರು. ಮಸ್ಜಿದ್ ಸ್ಟೇಷನ್ನಿನ ಆಚೆ ಹಳೇ ಕಬ್ಬಿಣದ ಅಂಗಡಿಗಳಲ್ಲಿ ಕೇಳಿ ನೋಡಿ ಎಂದರು.

ಹಾಗೆ ನಿನ್ನೆ ಹೋದದ್ದು. ಕೇಳಿದ ಅಂಗಡಿಗಳಲ್ಲೆಲ್ಲ ಇಲ್ಲ, ಇಲ್ಲ. ನನ್ನ ಮೊಣಕಾಲು ಇನ್ನಾಗದು ಎಂದಿತು. ಗಲ್ಲಿಯ ಕೊನೆಯಲ್ಲಿ ಬಿಳಿ ಗಡ್ಡದ ಒಬ್ಬ ಚಾಚಾ ಪಾರ್ಸೆಲ್ ಕಟ್ಟುತ್ತಿದ್ದರು. ತನ್ವಿ ಫೋನು ತೋರಿಸಿದಳು.

"ನಿಶಾನಾ ಛಾಪ್," ಎಂದರು ಚಾಚಾ, ಕೆಲಸ ನಿಲ್ಲಿಸದೆ. "ಬಂದ್ ಹೋ ಗಯಾ ಬೇಟಾ, ತುಮ್ಹಾರೇ ಪೈದಾ ಹೋನೇ ಸೇ ಪೆಹಲೇ." ಗುರಿಯ ಮಾರ್ಕಿನದ್ದು, ನೀನು ಹುಟ್ಟುವ ಮೊದಲೇ ಮುಚ್ಚಿತು ಎಂದರು.

ತನ್ವಿ ನನ್ನ ತೋಳು ಚಿವುಟಿದಳು. "ಚಾಚಾ, ಆಪ್ ಕೇ ಹಾಥ್ ಮೇ?"

ನಿಮ್ಮ ಕೈಯಲ್ಲಿರುವುದು ಎಂತ ಎಂದಳು. ಅವರು ಹುರಿ ಕೊಯ್ಯುತ್ತಿದ್ದದ್ದು ಅಂಥದ್ದೇ ಚೂರಿಯಲ್ಲಿ. ಬುಡದಲ್ಲಿ ಸುತ್ತು, ಬೊಟ್ಟು, ಬಾಣ. ಚಾಚಾ ತನ್ನ ಕೈಯನ್ನು ಬೇರೆ ಯಾರದ್ದೋ ಕೈ ನೋಡಿದ ಹಾಗೆ ನೋಡಿದರು. ಇದು ನನ್ನದು, ಮಾರುವುದಕ್ಕಲ್ಲ ಎಂದರು. ಆಗ ನಾನು ನನ್ನ ಹರಕು ಹಿಂದಿಯಲ್ಲಿ ಶುರು ಮಾಡಿದೆ. ಸಾಹೇಬರು, ಟೊಮೆಟೊ, ಹುಲಿ, ಮೆಟ್ರೋ, ಸೀಯಾಳದವನು, ಬಾಲ್ಕನಿಯಲ್ಲಿ ಕೈ ಕಟ್ಟಿ ಕೂತ ಮನುಷ್ಯ. ಚಾಚಾ ಹುರಿ ಬಿಟ್ಟು ಕೇಳಿದರು.

"ವೋ ಫಣಸ್ ಕಾಟತೇ ಹೈ, ಮೈ ಸುತಲೀ," ಎಂದು ಕೆಮ್ಮು ಬರುವಷ್ಟು ನಕ್ಕರು. "ಶೇರ್ ಕಿಸೀ ನೇ ನಹೀ ಮಾರಾ." ಅವರು ಕೊಯ್ಯುವುದು ಹಲಸು, ನಾನು ಕೊಯ್ಯುವುದು ಹುರಿ, ಹುಲಿ ಯಾರೂ ಹೊಡೆಯಲಿಲ್ಲ.

ಆಮೇಲೆ ಅಲಗನ್ನು ಅಂಗಿಯ ತುದಿಯಲ್ಲಿ ಒರೆಸಿದರು. ನಾನು ಕೈಚಾಚಿದೆ. ಅವರು ಕೊಡಲಿಲ್ಲ. ಗಲ್ಲಾಪೆಟ್ಟಿಗೆಯ ಮೇಲೆ ಇಟ್ಟು, ಕೈ ಹಿಂದೆ ತೆಗೆದು, ತೆಗೆದುಕೊಳ್ಳಿ ಎಂದು ಕಣ್ಣಲ್ಲೇ ಹೇಳಿದರು. ನನಗೆ ಅಲ್ಲೇ ಕಣ್ಣು ತುಂಬಿತು.

ಮನೆಗೆ ಬಂದು ಅಣ್ಣನಿಗೆ ಫೋನು ಮಾಡಿದೆ. ಚೂರಿಯ ಸುದ್ದಿ ಎತ್ತಲಿಲ್ಲ. ಹಣ್ಣು ಬಂದಿದೆ, ರಾತ್ರಿ ಊಟಕ್ಕೆ ಬನ್ನಿ ಎಂದೆ.

"ನನ್ನ ಕೈ ಮುಗಿದಿದೆ ಅಂತ ಹೇಳಿದ್ದೇನಲ್ಲ ತಂಗಿ."

"ಕೈ ಬೇಡ. ಬರುವಾಗ ಆ ಮೆಟ್ಟಿಲಿನ ಕಲ್ಲು ತನ್ನಿ."

"ಕಲ್ಲು ಯಾಕೆ?" ಎಂದರು.

"ಬೇಕು," ಎಂದು ಇಟ್ಟುಬಿಟ್ಟೆ.

ಸಾಯಂಕಾಲ ಬಂದರು, ಲೋಕಲ್ಲಿನಲ್ಲೇ, ವನಿತಾಳ ಕೈಯಲ್ಲಿ ಕಲ್ಲಿನ ಚೀಲ ಹೊರಿಸಿಕೊಂಡು. ಸೊರಗಿದ್ದರು. ಬಾಗಿಲಲ್ಲೇ ತನ್ವಿ ತಡೆಯಲಾರದೆ ಚೂರಿಯನ್ನು ಎರಡು ಕೈಯಲ್ಲಿ ಹಿಡಿದು ಮುಂದೆ ಚಾಚಿದಳು. ಅಣ್ಣ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿದರು.

"ಕೆಳಗೆ ಇಡು ಮಗಾ. ನಿನ್ನ ಹತ್ತಿರ ಜಗಳ ಮಾಡುವ ಪ್ರಾಯ ಅಲ್ಲ ನನ್ನದು."

ಇಟ್ಟಳು. ಅವರು ಬಗ್ಗಿ ನೋಡಿದರು, ತೆಗೆಯಲಿಲ್ಲ. "ಹಿಡಿ ಮರದ್ದು," ಎಂದರು. ಸುಧೀರ ಕೊಂಬು, ಕಾನೂನು ಎಂದು ಬಾಯಿ ತೆರೆದ. ನಾನು ಅವನತ್ತ ಕಣ್ಣು ಕೆಕ್ಕರಿಸಿ ತಡೆದೆ. ನಾವೆಲ್ಲ ನಿಂತಲ್ಲೇ ನಿಂತಿದ್ದೆವು, ಸೊಸೆ ಸೌಟು ಹಿಡಿದುಕೊಂಡೇ ಅಡುಗೆಮನೆಯ ಬಾಗಿಲಲ್ಲಿ. ಅಣ್ಣ ಮೆಲ್ಲನೆ ಕೂತು, ಚೂರಿಯನ್ನು ಎತ್ತಿ, ಬುಡವನ್ನು ಬೆಳಕಿಗೆ ಹಿಡಿದರು.

"ಠ ಉಂಟು."

"ಅಜ್ಜ, ಅದು ಠ ಅಲ್ಲ. ಕಂಪನಿಯ ನಿಶಾನಿ, ಬಾಣ," ಎಂದಳು ತನ್ವಿ.

ಅಣ್ಣ ನನ್ನ ಕಡೆ ತಿರುಗಿದರು. "ತಂಗಿ, ನಿಮ್ಮ ಪುಸ್ತಕದಲ್ಲಿ ಠ ಅಂದ್ರೆ ಎಂತ ಇತ್ತು?"

"ಠಸ್ಸೆ."

"ಕಂಪನಿಯ ನಿಶಾನಿಗೆ ಕನ್ನಡದಲ್ಲಿ ಎಂತ ಹೇಳುವುದು?"

"ಠಸ್ಸೆಯೇ."

"ಮತ್ತೆ ನಾನು ಓದಿದ್ದು ಎಲ್ಲಿ ತಪ್ಪು?"

ಮೊದಲು ನಕ್ಕದ್ದು ವನಿತಾ. ನಕ್ಕು ನಕ್ಕು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಣ್ಣ ಕಲ್ಲನ್ನು ಕಾಲಿನ ನಡುವೆ ಇಟ್ಟು ನೀರು ಚಿಮುಕಿಸಿ ಶುರು ಮಾಡಿದರು. ಸರ್ರ್, ಸರ್ರ್. ನಾನು ಯಾರೂ ಹೇಳದೆ ಹೋಗಿ ಚಹಕ್ಕೆ ಇಟ್ಟೆ. ಬಂದು ನೋಡಿದರೆ ಮುಂಗೈಯ ಮೇಲೆ ಅಲಗು ಎಳೆಯುತ್ತಿದ್ದರು. ಎರಡು ವರ್ಷದಲ್ಲಿ ಅಲ್ಲಿ ಕೂದಲು ಚೆನ್ನಾಗಿ ಬೆಳೆದಿತ್ತು.

"ಕೈಗೆ ಸ್ವಲ್ಪ ದಪ್ಪ," ಎಂದರು. "ಅಡ್ಡಿಯಿಲ್ಲ. ಕೂತು ಕೂತು ತಗ್ಗು ಬೀಳ್ತದೆ."

ಪೇಪರ್ ಹಾಸಿ ಎಣ್ಣೆ ಸವರಿ ಹಣ್ಣು ಬಿಚ್ಚಿದರು. ಮನೆ ತುಂಬ ಪರಿಮಳ. ಮೊದಲ ಸೊಳೆ ತನ್ವಿಗೆ.

ಮೇಜಿನಲ್ಲಿ ಎಲ್ಲರಿಗೆ ಜಾಗವಾಗದೆ ನೆಲದ ಮೇಲೆಯೇ ಕೂತೆವು. ಕುಚ್ಚಲಕ್ಕಿ ಅನ್ನ, ಬಂಗುಡೆಯ ಪುಳಿಮುಂಚಿ ಸಾರು, ನೀರುದೋಸೆ, ನಡುವೆ ಬುಟ್ಟಿ ತುಂಬ ಹಲಸು. ಸುಧೀರ ಬಡಿಸಿಕೊಳ್ಳುತ್ತ, "ಅಣ್ಣ, ಆ ಹುಲಿ ಈಗ ಎಷ್ಟು ದೊಡ್ಡ ಆಗಿದೆ?" ಎಂದು ಕೇಳಿದ. ವನಿತಾ ಉಣ್ಣುವುದನ್ನು ನಿಲ್ಲಿಸಿ ತಂದೆಯ ಮುಖ ನೋಡಿದಳು.

ಅಣ್ಣ ಬಾಯಲ್ಲಿದ್ದ ಸೊಳೆಯನ್ನು ನುಂಗಿ, ಬೀಜವನ್ನು ಬದಿಗಿಟ್ಟು, ಗಂಟಲು ಸರಿಮಾಡಿಕೊಂಡರು. ಹುಲಿ ಮೆಟ್ರೋದಷ್ಟು ಉದ್ದ ಇತ್ತು, ಬಾಲ ಘಾಟ್ಕೋಪರಿನಲ್ಲಿ, ಮೀಸೆ ಅಂಧೇರಿಯಲ್ಲಿ. ಈ ಸಲ ಅದು ಓಡಲಿಲ್ಲ. ವಾಸನೆ ಹಿಡಿದು ಹತ್ತಿರ ಬಂದು ಮೊಣಕಾಲು ಮಡಚಿ ಕೂತಿತು. ಅಣ್ಣ ಅದಕ್ಕೂ ಒಂದು ಸೊಳೆ ಬಿಡಿಸಿ, ಕೈಯಲ್ಲಿ ಕೊಡದೆ, ನೆಲದ ಮೇಲೆ ಇಟ್ಟರು.